ಸಿಡಿಗಳನ್ನು ಎರಡನೇ ಸಲ ರಿಪ್ ಮಾಡಿದ ನನ್ನ ಅನುಭವ

ನನ್ನ ಸಿಡಿಗಳನ್ನೆಲ್ಲ ಮೊದಲ ಸಲ ರಿಪ್ ಮಾಡಿದಾಗ, ಅಂದರೆ ಹಾಡುಗಳನ್ನು ಕಂಪ್ಯೂಟರಿಗೆ ತೆಗೆದುಕೊಂಡಾಗ, 128 ಕೆಬಿಪಿಎಸ್ ಎಂಪಿ3ಗೆ ಇಳಿಸಿದ್ದೆ. ಆಗ ಹಾರ್ಡ್ ಡಿಸ್ಕಿನಲ್ಲಿ ಜಾಗ ಕಡಿಮೆ ಇತ್ತು. ಎಷ್ಟೋ ವರ್ಷಗಳ ನಂತರ ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿದೆ. ಸಿಂಬಲ್‌ನ ಸದ್ದು ನೀರೊಳಗಿಂದ ಬಂದ ಹಾಗಿತ್ತು. ಗಾತ್ರ ಇಳಿಸಲು ಎಂಪಿ3 ಒಮ್ಮೆ ಕೈಬಿಟ್ಟ ಸದ್ದು ಮತ್ತೆ ಸಿಗುವುದಿಲ್ಲ. ಅದೇ ಫೈಲನ್ನು, ಏನನ್ನೂ ಕೈಬಿಡದ ಫ್ಲ್ಯಾಕ್ ಫಾರ್ಮ್ಯಾಟ್‌ಗೆ ಬದಲಿಸಿದರೆ ಗಾತ್ರ ಜಾಸ್ತಿಯಾಗುತ್ತದೆ, ಅಷ್ಟೇ. ಸರಿ, ಸಿಡಿಗಳನ್ನು ಮತ್ತೆ ಹೊರಗೆ ತೆಗೆದೆ. ಅಷ್ಟರಲ್ಲಿ ಕೆಲವಕ್ಕೆ ಓದಲಾಗದಷ್ಟು ಗೀರು ಬಿದ್ದಿತ್ತು.

ಈ ಸಲ ಲಾಸ್‌ಲೆಸ್, ಅಂದರೆ ಸದ್ದಿನಲ್ಲಿ ಏನೂ ಕಳೆದುಹೋಗದ ಫಾರ್ಮ್ಯಾಟ್, ಎಂದು ತೀರ್ಮಾನಿಸಿದ್ದೆ. ಆದರೆ ಯಾವುದು? ಒಂದೇ ಆಲ್ಬಮ್ ಅನ್ನು ನಾಲ್ಕು ಫಾರ್ಮ್ಯಾಟ್‌ಗಳಲ್ಲಿ ಮಾಡಿ ನೋಡಿದೆ. ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, 16 ಬಿಟ್, ಎರಡು ಚಾನೆಲ್. ಹಾಗಾಗಿ ಗಾತ್ರ ಇಳಿಸದೆ ಹಾಗೇ ಇಡುವ ವೇವ್‌ನಲ್ಲಿ ಒಂದು ಗಂಟೆಯ ಸಂಗೀತಕ್ಕೆ ಸುಮಾರು 635 ಎಂಬಿ ಬೇಕು. ಫ್ಲ್ಯಾಕ್‌ನಲ್ಲಿ ಅದರ ಅರ್ಧಕ್ಕಿಂತ ತುಸು ಜಾಸ್ತಿ ಸಾಕಾಯಿತು. ಮಂಕೀಸ್ ಆಡಿಯೊ ಇನ್ನೂ ಸ್ವಲ್ಪ ಚಿಕ್ಕದು. ಆದರೆ ಅದನ್ನು ಬಿಚ್ಚಿ ನುಡಿಸಲು ಪ್ರೊಸೆಸರ್ ಹೆಚ್ಚು ದುಡಿಯಬೇಕು, ನುಡಿಸುವ ಸಾಧನಗಳೂ ಕಡಿಮೆ. ಆ್ಯಪಲ್‌ನ ಎಎಲ್‌ಎಸಿ ಚೆನ್ನಾಗಿಯೇ ಇದೆ, 2011ರಿಂದ ಓಪನ್ ಸೋರ್ಸ್ ಕೂಡ. ಕೇಳಲು ನಾಲ್ಕೂ ಒಂದೇ. ಲಾಸ್‌ಲೆಸ್ ಅಂದಮೇಲೆ ಒಂದೇ ಇರಬೇಕು, ಅಲ್ವಾ?

ನಾನು ಫ್ಲ್ಯಾಕ್ ಆರಿಸಿದ್ದು ಗಾತ್ರ ನೋಡಿ ಅಲ್ಲ. ಫೈಲ್ ಮಾಡುವಾಗಲೇ ಅದು ಮೂಲ ಆಡಿಯೊದ ಎಂಡಿ5 (ಆಡಿಯೊ ಸ್ವಲ್ಪ ಬದಲಾದರೂ ಬೇರೆಯೇ ಬರುವ ಗುರುತಿನ ಸಂಖ್ಯೆ) ಲೆಕ್ಕ ಹಾಕಿ ಫೈಲಿನ ಆರಂಭದ ಹೆಡರ್‌ನಲ್ಲಿ ಬರೆದಿಡುತ್ತದೆ. ಮುಂದೆ ಯಾವತ್ತು ಬೇಕಾದರೂ ಟೆಸ್ಟ್ ಮಾಡಿದರೆ, ಫೈಲನ್ನು ಪೂರ್ತಿ ಬಿಚ್ಚಿ ಆ ಲೆಕ್ಕಕ್ಕೆ ತಾಳೆ ನೋಡುತ್ತದೆ. ವೇವ್‌ನಲ್ಲಾಗಲಿ ಎಎಲ್‌ಎಸಿಯಲ್ಲಾಗಲಿ ಇದು ಇಲ್ಲ. ಒಮ್ಮೆ ಹೊಸ ಡಿಸ್ಕಿಗೆ ಎಲ್ಲವನ್ನೂ ಕಾಪಿ ಮಾಡಿ ರಾತ್ರಿಯಿಡೀ ಟೆಸ್ಟ್ ಓಡಿಸಿದೆ. ಬೆಳಿಗ್ಗೆ ನೋಡಿದರೆ ಮೂರು ಹಾಡುಗಳು ಫೇಲ್. ಹಳೆಯ ಡಿಸ್ಕಿನಲ್ಲಿ ಅವೇ ಹಾಡುಗಳು ಪಾಸಾದವು. ಆ ಮೂರನ್ನು ಮತ್ತೆ ಕಾಪಿ ಮಾಡಿದೆ. ವೇವ್ ಆಗಿದ್ದರೆ ಕೆಟ್ಟದ್ದನ್ನೇ ಒಳ್ಳೆಯದೆಂದು ಇಟ್ಟುಕೊಂಡು, ಹಳೆಯ ಡಿಸ್ಕನ್ನು ಅಳಿಸಿಬಿಡುತ್ತಿದ್ದೆ.

ಆದರೆ ರಿಪ್ ಮಾಡುವಾಗಲೇ ತಪ್ಪಾಗಿದ್ದರೆ ಎಂಡಿ5 ಏನೂ ಮಾಡಲಾರದು. ತಪ್ಪು ಆಡಿಯೊಗೆ ಸರಿಯಾದ ಲೆಕ್ಕ ಬರೆದಿಡುತ್ತದೆ. ಅದಕ್ಕೇ ಪ್ರತಿ ಸಿಡಿಯನ್ನೂ ಆ್ಯಕ್ಯುರೇಟ್‌ರಿಪ್ ಎಂಬ ಆನ್‌ಲೈನ್ ಪಟ್ಟಿಯ ಜೊತೆ ಹೋಲಿಸಿದೆ. ಅದೇ ಸಿಡಿಯನ್ನು ಬೇರೆಯವರು ರಿಪ್ ಮಾಡಿದಾಗ ಬಂದ ಚೆಕ್‌ಸಮ್ (ಎಂಡಿ5ನಂಥದೇ ಲೆಕ್ಕ) ನಮ್ಮದಕ್ಕೆ ಹೊಂದುತ್ತದಾ ಎಂದು ಅದು ಹೇಳುತ್ತದೆ. ನಿಧಾನದ ಕೆಲಸ, ಆದರೆ ಬಿಡಬೇಡಿ.

ಫ್ಲ್ಯಾಕ್‌ನ ಕಂಪ್ರೆಶನ್ ಲೆವೆಲ್ (ಗಾತ್ರ ಎಷ್ಟು ಇಳಿಸಬೇಕೆಂಬ ಸೆಟ್ಟಿಂಗ್) ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. 0 ಆದರೂ 8 ಆದರೂ ಸದ್ದು ಬಿಟ್‌ಗೆ ಬಿಟ್ ಒಂದೇ. ನಾನು 5ರಲ್ಲೇ ಬಿಟ್ಟೆ. ಹಾಡಿನ ವಿವರ ಬರೆದಿಡುವ ಟ್ಯಾಗ್‌ಗಳು, ಎಲ್ಲ ಭಾಷೆಗಳ ಅಕ್ಷರ ಹಿಡಿಸುವ ಯುಟಿಎಫ್-8ರಲ್ಲಿ ಇರುವುದರಿಂದ ಹಾಡಿನ ಹೆಸರುಗಳನ್ನು ಕನ್ನಡದಲ್ಲೇ ಬರೆದೆ.

ಫೋನಿಗೆ ಫ್ಲ್ಯಾಕ್‌ನಿಂದಲೇ ಓಪಸ್ ಎಂಬ ಚಿಕ್ಕ ಗಾತ್ರದ ಫಾರ್ಮ್ಯಾಟಿನಲ್ಲಿ ಪ್ರತಿ ಮಾಡಿಕೊಳ್ಳುತ್ತೇನೆ. ಬೇಡವಾದಾಗ ಅಳಿಸುತ್ತೇನೆ. ಗೀರು ಬಿದ್ದ ಆ ಸಿಡಿಗಳ ಎಂಪಿ3 ಮಾತ್ರ ಬೇರೆ ಫೋಲ್ಡರ್‌ನಲ್ಲಿ ಹಾಗೇ ಇವೆ. ಅವನ್ನು ಫ್ಲ್ಯಾಕ್ ಮಾಡಿಲ್ಲ. ಮಾಡಿದರೆ ಹತ್ತು ವರ್ಷ ಕಳೆದ ಮೇಲೆ ಅವು ಸಿಡಿಯಿಂದಲೇ ಬಂದವು ಎಂದು ನಾನೇ ನಂಬಿಬಿಡುತ್ತೇನೆ.