ಪದೇ ಪದೇ ಹೊಟ್ಟೆ ಕೆಡುವ ನಾಯಿಗೆ ಊಟ ಹೊಂದಿಸುವುದು ಹೇಗೆ?

ನಾಯಿಗೆ ಭೇದಿ ಶುರುವಾಯಿತು ಅಂದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಡಾಗ್ ಫುಡ್ ಬದಲಾಯಿಸುವುದು. ಅದೂ ಆಗಲಿಲ್ಲ ಅಂತ ನಾಲ್ಕೇ ದಿನಕ್ಕೆ ಇನ್ನೊಂದು ಪ್ಯಾಕೆಟ್. ಯಾವುದರಿಂದ ಕೆಟ್ಟಿತು, ಯಾವುದರಿಂದ ಸರಿಹೋಯಿತು ಅನ್ನುವುದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಬರೆದಿಡಿ.

1. ತೊಂದರೆ ಊಟದ್ದೇನಾ?

ಜಂತುಹುಳು, ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ ಸೂಕ್ಷ್ಮಜೀವಿ, ವೈರಸ್ ಸೋಂಕು, ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಉರಿಯೂತ ಎಲ್ಲವೂ ಹೊಟ್ಟೆ ಕೆಡಿಸುತ್ತವೆ. ಪ್ಯಾಕೆಟ್ ಬದಲಿಸಿದ ಮಾತ್ರಕ್ಕೆ ಇವು ಹೋಗುವುದಿಲ್ಲ. ಹಾಗಾಗಿ ತಾಜಾ ಮಲದ ಸ್ಯಾಂಪಲ್ ಒಯ್ದು ಪರೀಕ್ಷೆ ಮಾಡಿಸಿ.

ಕೆಲವು ಲಕ್ಷಣ ಕಂಡರೆ ಕಾಯಲೇಬೇಡಿ. ಲಸಿಕೆ ಮುಗಿಯದ ಮರಿಗೆ ವಾಂತಿ-ಭೇದಿಯಾದರೆ ಪಾರ್ವೊ ಎಂಬ ಮಾರಕ ವೈರಸ್ ಸೋಂಕು ಇರಬಹುದು. ಹೊಟ್ಟೆ ಉಬ್ಬಿದೆ, ವಾಂತಿಗೆ ಒದ್ದಾಡಿದರೂ ಏನೂ ಹೊರಬರುತ್ತಿಲ್ಲ ಅಂದರೆ ಜಠರ ತಿರುಚಿಕೊಂಡಿರಬಹುದು. ತಡಮಾಡಿದರೆ ಪ್ರಾಣಕ್ಕೇ ಅಪಾಯ. ಡಾಂಬರಿನಂಥ ಕಪ್ಪು ಮಲ, ಕುಡಿದ ನೀರೂ ನಿಲ್ಲದ ವಾಂತಿ, ಏಳಲಾಗದ ಸುಸ್ತು ಕಂಡರೂ ತಕ್ಷಣ ಡಾಕ್ಟರ ಹತ್ತಿರ ಹೋಗಿ. ಮನೆಯ ಔಷಧಿ ಡಬ್ಬಿಗೆ ಮಾತ್ರ ಕೈ ಹಾಕಬೇಡಿ. ನಾವು ನುಂಗುವ ನೋವಿನ ಮಾತ್ರೆ ಐಬುಪ್ರೊಫೇನ್ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತದೆ.

2. ಮಲವನ್ನು ಸರಿಯಾಗಿ ನೋಡಿ

ಹೇಸಿಗೆ ಅನ್ನಿಸಬಹುದು. ಆದರೆ ಯಾವ ಊಟ ಬೇಕು ಅನ್ನುವ ಸುಳಿವು ಸಿಗುವುದು ಇಲ್ಲೇ. ಚೆನ್ನಾಗಿರುವ ಮಲ ಕಾಗದದಲ್ಲಿ ಎತ್ತಿದರೆ ಇಡಿಯಾಗಿ ಬರುತ್ತದೆ, ನೆಲದಲ್ಲಿ ಹೆಚ್ಚು ಕಲೆ ಉಳಿಯುವುದಿಲ್ಲ. ನಾಯಿ ಮತ್ತೆ ಮತ್ತೆ ಹೊರಗೆ ಓಡುತ್ತದೆ, ತಿಣುಕುತ್ತದೆ, ಬರುವುದು ಮಾತ್ರ ಚೂರೇ ಚೂರು, ಜೊತೆಗೆ ಲೋಳೆ, ಒಮ್ಮೊಮ್ಮೆ ಕೆಂಪು ರಕ್ತದ ಗೆರೆ. ಹೀಗಿದ್ದರೆ ತೊಂದರೆ ದೊಡ್ಡಕರುಳಲ್ಲಿ ಇರುವ ಸಾಧ್ಯತೆ ಜಾಸ್ತಿ. ಇಂಥ ನಾಯಿಗೆ ನಾರಿನಂಶ ಹೆಚ್ಚಿಸಿದರೆ ಎಷ್ಟೋ ಸಲ ಗುಣ ಕಾಣುತ್ತದೆ.

ಹೋಗುವುದು ಕಡಿಮೆ ಸಲ, ಆದರೆ ಹೋದಾಗ ರಾಶಿ ನೀರು ನೀರು, ತೂಕವೂ ಇಳಿಯುತ್ತಿದೆ ಅಂದರೆ ಸಣ್ಣಕರುಳಿನ ಕಡೆ ಬೆರಳು ತೋರಿಸುತ್ತದೆ. ಅದಕ್ಕೆ ಕೊಬ್ಬು ಕಡಿಮೆ ಇರುವ, ಸುಲಭವಾಗಿ ಜೀರ್ಣವಾಗುವ ಊಟ ಬೇಕು.

3. ಕೆಟ್ಟ ಹೊಟ್ಟೆಗೆ ಸಪ್ಪೆ ಊಟ

ಚರ್ಮ, ಮೂಳೆ ತೆಗೆದ ಕೋಳಿಮಾಂಸವನ್ನು ಬರೀ ನೀರಲ್ಲಿ ಬೇಯಿಸಿ, ಮೇಲೆ ತೇಲುವ ಜಿಡ್ಡು ತೆಗೆಯಿರಿ. ಒಂದು ಪಾಲು ಮಾಂಸಕ್ಕೆ ಎರಡು ಪಾಲು ಮೆತ್ತಗಿನ ಬಿಳಿ ಅನ್ನ. ಉಪ್ಪು, ಎಣ್ಣೆ, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಅಂತೂ ಬೇಡವೇ ಬೇಡ. ಅವು ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪ. ನೀರಿನ ಬಟ್ಟಲು ಖಾಲಿ ಇರಬಾರದು.

ಇದು ಕೆಲವೇ ದಿನಕ್ಕೆ. ಕ್ಯಾಲ್ಸಿಯಂ ಮತ್ತಿತರ ಪೋಷಕಾಂಶ ಸಾಲದ ಈ ಊಟವನ್ನೇ ತಿಂಗಳುಗಟ್ಟಲೆ ಹಾಕುವವರಿದ್ದಾರೆ. ಭೇದಿ ನಿಂತರೂ ನಾಯಿ ಸೊರಗುತ್ತದೆ.

4. ಬಟ್ಟಲ ಆಚೆಗಿನ ತಿಂಡಿ

ಒಂದು ವಾರ ನಾಯಿಯ ಬಾಯಿಗೆ ಹೋದದ್ದೆಲ್ಲ ಬರೆಯಿರಿ. ಬಿಸ್ಕೆಟ್, ಅಗಿಯುವ ಕಡ್ಡಿ, ಮಕ್ಕಳು ಮೇಜಿನ ಕೆಳಗೆ ದಾಟಿಸಿದ ತುಂಡು, ಕಸದಬುಟ್ಟಿಯ ಬೇಟೆ ಎಲ್ಲವೂ. ಹಾಲನ್ನೂ ಸೇರಿಸಿ, ಎಷ್ಟೋ ಬೆಳೆದ ನಾಯಿಗಳಿಗೆ ಅದರ ಲ್ಯಾಕ್ಟೋಸ್ ಜೀರ್ಣವಾಗುವುದಿಲ್ಲ. ಇವನ್ನೆಲ್ಲ ನಿಲ್ಲಿಸಿದಾಗಲೇ ಅರ್ಧ ಸಮಸ್ಯೆ ಮುಗಿದಿರುತ್ತದೆ. ಸುಮ್ನೆ ಪ್ಯಾಕೆಟ್ ಬೈದಿರುತ್ತೇವೆ, ಅಲ್ವಾ?

5. ಅಲರ್ಜಿಯ ಅನುಮಾನವಿದ್ದರೆ

ಇದು ಉದ್ದದ ಕೆಲಸ. ನಾಯಿಗಳಲ್ಲಿ ಆಹಾರದ ಅಲರ್ಜಿ ಸಾಮಾನ್ಯವಾಗಿ ಬರುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿಯಿಂದ. ನಿಮ್ಮ ನಾಯಿ ಈವರೆಗೆ ತಿನ್ನದ ಮಾಂಸದ ಆಹಾರ, ಇಲ್ಲವೇ ಪ್ರೋಟೀನನ್ನು ಚೂರು ಚೂರಾಗಿ ಒಡೆದ ಹೈಡ್ರೊಲೈಸ್ಡ್ ಆಹಾರ ಆರಿಸಿ. ಮೇಲಿನ ಕೋಳಿ-ಅನ್ನ ಇಂಥ ನಾಯಿಗೆ ಆಗಿಬರದೆ ಇರಬಹುದು. ಹೊಟ್ಟೆಯ ತೊಂದರೆಗೆ ಎರಡರಿಂದ ನಾಲ್ಕು ವಾರದಲ್ಲಿ ಸಾಮಾನ್ಯವಾಗಿ ವ್ಯತ್ಯಾಸ ಕಾಣುತ್ತದೆ. ಚರ್ಮದ ತುರಿಕೆಯೂ ಇದ್ದರೆ ಎಂಟು ವಾರ ಬೇಕು. ಅಷ್ಟು ದಿನ ಬೇರೆ ಏನೂ ಕೊಡುವಂತಿಲ್ಲ. ಮಾಂಸದ ರುಚಿ ಬೆರೆಸಿದ ಔಷಧಿ ಮಾತ್ರೆ ಕೂಡ ಪರೀಕ್ಷೆ ಕೆಡಿಸುತ್ತದೆ.

ಗುಣವಾದ ಮೇಲೆ ಹಳೇ ಆಹಾರವನ್ನು ಒಮ್ಮೆ ಕೊಟ್ಟು ನೋಡಬೇಕು. ಇದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಮತ್ತೆ ಭೇದಿಯಾದರಷ್ಟೇ ಅಲರ್ಜಿ ಎಂದು ಖಾತ್ರಿ.

6. ನಿಧಾನವಾಗಿ ಬದಲಿಸಿ

ಹೊಸ ಆಹಾರ ಯಾವುದೇ ಇರಲಿ, 7ರಿಂದ 10 ದಿನ ತೆಗೆದುಕೊಳ್ಳಿ. ಮೊದಲು ಕಾಲು ಭಾಗ ಹೊಸದು, ಎರಡು ಮೂರು ದಿನ ಬಿಟ್ಟು ಅರ್ಧ, ಆಮೇಲೆ ಮುಕ್ಕಾಲು. ನಡುವೆ ಮಲ ಸಡಿಲವಾದರೆ ಹಿಂದಿನ ಅಳತೆಗೆ ಮರಳಿ.

ಎರಡು ಬೇರೆ ಆಹಾರ ಹೀಗೆ ಶಿಸ್ತಾಗಿ ಹಾಕಿಯೂ ಪ್ರಯೋಜನವಾಗದಿದ್ದರೆ ಮೂರನೇ ಪ್ಯಾಕೆಟ್ ಕೊಳ್ಳಬೇಡಿ. ಬರೆದಿಟ್ಟ ಪುಸ್ತಕದ ಜೊತೆ ಡಾಕ್ಟರ ಹತ್ತಿರ ಹೋಗಿ, ಪ್ಯಾಂಕ್ರಿಯಾಸ್ ಸರಿಯಾಗಿ ಕೆಲಸ ಮಾಡುತ್ತಿದೆಯೇ, ವಿಟಮಿನ್ ಬಿ12 ಸಾಕಷ್ಟಿದೆಯೇ ಎಂದು ರಕ್ತ ಪರೀಕ್ಷೆ ಮಾಡಲು ಕೇಳಿ.