ಸದನದ ನೌಕರರು ಸಾಕ್ಷಿಗೆ ಬೇಕೇ? ಸಮನ್ಸ್ ಒಂದೇ ಸಾಲದು

ಮಂಗಳೂರು ಕೋರ್ಟಿನಲ್ಲಿ ನಿಮ್ಮದೊಂದು ಕೇಸು ಇದೆ ಅಂದುಕೊಳ್ಳಿ. ವಿಧಾನಸಭೆಯಲ್ಲಿ ಸಚಿವರು ಕೊಟ್ಟ ಉತ್ತರವೇ ನಿಮ್ಮ ಮುಖ್ಯ ಪುರಾವೆ. ಅಲ್ಲಿ ಕೂತು ಅದನ್ನು ಬರೆದುಕೊಂಡ ಸದನದ ವರದಿಗಾರರನ್ನೇ (ಪತ್ರಕರ್ತರಲ್ಲ, ಸದನದ ನೌಕರರು) ಕರೆಸೋಣ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಕಲಾಪದ ಬಗ್ಗೆ ಸದನದ ನೌಕರರು ಹೊರಗೆ ಸಾಕ್ಷಿ ಹೇಳಲು ಸದನದ ಒಪ್ಪಿಗೆ ಬೇಕು. ಬ್ರಿಟನ್ನಿನ ಕಾಮನ್ಸ್ ಸಭೆ 1818ರಲ್ಲೇ ಮಾಡಿಕೊಂಡ ಕಟ್ಟಳೆ ಇದು. ಸದನದ ವಿಶೇಷ ಹಕ್ಕುಗಳನ್ನು ನೋಡಿಕೊಳ್ಳುವ ಲೋಕಸಭೆಯ ಹಕ್ಕುಬಾಧ್ಯತಾ ಸಮಿತಿ 1957ರಲ್ಲಿ ಇದಕ್ಕೊಂದು ಕ್ರಮ ಹೇಳಿತು. ರಾಜ್ಯಗಳ ಸದನಗಳೂ ಬಹುತೇಕ ಅದೇ ಜಾಡು ಹಿಡಿದಿವೆ.

ಮೊದಲು ಯೋಚಿಸಿ: ಆಳೇ ಬರಬೇಕಾ, ಕಾಗದ ಸಾಕಾ? ಹೆಚ್ಚಿನ ಸಲ ಕಾಗದ ಸಾಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಕಲಾಪವನ್ನು ಸದನದ ದಾಖಲೆಯಿಂದಲೇ ರುಜುವಾತು ಮಾಡಬಹುದು. 'ಹೌದು, ಇದು ನಮ್ಮದೇ ಪುಸ್ತಕ' ಎನ್ನುವುದಕ್ಕೆ ಒಬ್ಬರು ಸುಮ್ನೆ ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಬರಬೇಕೇ? ಒಂದು ಎಚ್ಚರ ಇರಲಿ. ಕಡತದಿಂದ ತೆಗೆಸಿದ ಮಾತು ಅಚ್ಚಾದ ವರದಿಯಲ್ಲಿ ಇರುವುದಿಲ್ಲ.

ಕಾಗದ ತರಿಸಲು ನಿಮ್ಮ ವಕೀಲರು ಕೋರ್ಟಿಗೆ ಅರ್ಜಿ ಹಾಕಬೇಕು. ಒಪ್ಪಿದರೆ ಕೋರ್ಟೇ ಸಭಾಧ್ಯಕ್ಷರಿಗೆ ಕೋರಿಕೆ ಪತ್ರ ಬರೆಯುತ್ತದೆ. ಪರಿಷತ್ತಿನ ವಿಷಯವಾದರೆ ಸಭಾಪತಿಗೆ. 2023ರಲ್ಲಿ ಸಭಾಧ್ಯಕ್ಷರಾದ ಯು.ಟಿ. ಖಾದರ್ ಮಂಗಳೂರು ಕ್ಷೇತ್ರದವರೇ. ಆದರೂ ನಮ್ಮೂರಿನವರಲ್ವಾ ಎಂದು ಮನೆ ಬಾಗಿಲಿಗೆ ಹೋಗಿ ಕೇಳುವ ಕೆಲಸ ಇದಲ್ಲ.

ಪತ್ರದಲ್ಲೇ ಕೆಲಸ ಕೆಡುವುದು ಜಾಸ್ತಿ. 'ಸಂಬಂಧಪಟ್ಟ ಎಲ್ಲ ದಾಖಲೆ' ಎಂದು ಬರೆದರೆ ಪ್ರಯೋಜನವಿಲ್ಲ. ಯಾವ ದಿನದ ಕಲಾಪ, ಯಾವ ದಾಖಲೆ, ಯಾತಕ್ಕೆ ಬೇಕು, ಯಾವ ತಾರೀಕಿನೊಳಗೆ ಎಂದು ಬಿಡಿಸಿ ಹೇಳಬೇಕು. ದೃಢೀಕೃತ ನಕಲು ಸಾಕೋ, ಅಧಿಕಾರಿಯೇ ಮೂಲ ಹಿಡಿದು ಬರಬೇಕೋ ಎನ್ನುವುದೂ ಇರಬೇಕು.

ಅಧಿವೇಶನ ನಡೆಯುತ್ತಿದ್ದರೆ ಸದನವೇ ಒಪ್ಪಬೇಕು. ಇಲ್ಲದಿದ್ದರೆ ಸಭಾಧ್ಯಕ್ಷರು ಅನುಮತಿ ಕೊಟ್ಟು ಆಮೇಲೆ ಸದನಕ್ಕೆ ತಿಳಿಸುತ್ತಾರೆ. ಹಾಗಾಗಿ ವಿಚಾರಣೆಯ ಹಿಂದಿನ ವಾರ ಓಡಾಡಬೇಡಿ.

ನೀವೇ ಆ ನೌಕರರಾಗಿದ್ದು, ಸಮನ್ಸ್ ಸೀದಾ ನಿಮ್ಮ ಕೈಗೆ ಬಂತು ಅನ್ನಿ. ಡ್ರಾಯರಿಗೆ ಹಾಕಿ ಮರೆಯಬೇಡಿ, ರಾತ್ರಿ ಬಸ್ಸನ್ನೂ ಹತ್ತಬೇಡಿ. ಅದೇ ದಿನ ಕಾರ್ಯದರ್ಶಿಯವರ ಮೂಲಕ ಸಭಾಧ್ಯಕ್ಷರಿಗೆ ಮುಟ್ಟಿಸಿ. ನೀವು ಕಣ್ಣಾರೆ ಕಂಡ ರಸ್ತೆ ಅಪಘಾತದ ಕೇಸಾದರೆ ಬೇರೆ ಮಾತು, ಅದು ಕಲಾಪದ ವಿಷಯವಲ್ಲ. ಅನುಮತಿ ಸಿಕ್ಕಿತೋ, ಅದರಲ್ಲಿ ಬರೆದಷ್ಟಕ್ಕೆ ಮಾತ್ರ ಉತ್ತರ ಕೊಡಿ. ವಕೀಲರು ಅದರಾಚೆ ಕೇಳಿದರೆ, 'ಅದಕ್ಕೆ ನನಗೆ ಅನುಮತಿ ಇಲ್ಲ' ಎಂದು ನ್ಯಾಯಾಧೀಶರಿಗೆ ಹೇಳಿ.