ತಲೆಬರಹ ಕತ್ತರಿಸಿ ಕೊಡಿ, ಮಕ್ಕಳೇ ಬರೆಯಲಿ

‘ಕಂಡದ್ದೆಲ್ಲ ನಂಬಬೇಡಿ’ ಎಂದು ಪ್ರೌಢಶಾಲೆಯ ಮಕ್ಕಳಿಗೆ ಎಷ್ಟು ಸಲ ಹೇಳಿದರೂ ಪ್ರಯೋಜನ ಕಡಿಮೆ. ಸುದ್ದಿಯೊಂದಕ್ಕೆ ಐದಾರು ಪದಗಳ ತಲೆಬರಹ ಬರೆಯುವಾಗ ಏನು ಉಳಿಸಬೇಕು, ಏನು ಬಿಡಬೇಕು ಎಂಬ ಇಕ್ಕಟ್ಟಿಗೆ ಅವರೇ ಸಿಲುಕಿದಾಗ ಸುದ್ದಿ ಓದುವ ರೀತಿಯೇ ಬದಲಾಗುತ್ತದೆ.

40 ಮಕ್ಕಳಿದ್ದರೆ ಐದೈದು ಮಂದಿಯ ಎಂಟು ಗುಂಪು ಮಾಡಿ. ಒಂದೇ ದಿನದ ಮೂರು ಕನ್ನಡ ಪತ್ರಿಕೆ ತಂದು, ಮೂರರಲ್ಲೂ ಬಂದ ಒಂದು ಸುದ್ದಿ ಆರಿಸಿ. ಅದರಲ್ಲಿ 150–200 ಪದಗಳ ವರದಿಯೊಂದರ ತಲೆಬರಹ, ಉಪಶೀರ್ಷಿಕೆ ಎರಡನ್ನೂ ಕತ್ತರಿಸಿಟ್ಟುಕೊಂಡು, ಉಳಿದದ್ದನ್ನು ಎಂಟು ಪ್ರತಿ ಜೆರಾಕ್ಸ್ ಮಾಡಿಸಿ. ವರದಿ ಇನ್ನೂ ಉದ್ದವಾದರೆ ಓದುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ಒಟ್ಟಿಗೆ ಎರಡು ಪೀರಿಯಡ್ ಸಿಕ್ಕರೆ ಒಳ್ಳೆಯದು.

ಮೊದಲ ದಿನ ಚುನಾವಣೆ, ಜಾತಿ, ಧರ್ಮದ ಸುದ್ದಿ ಬೇಡ. ಮಕ್ಕಳು ಮನೆಯವರ ಪಕ್ಷ ವಹಿಸಿ ಜಗಳಕ್ಕೆ ಇಳಿಯುತ್ತಾರೆ, ವಾಕ್ಯ ನೋಡುವುದೇ ಇಲ್ಲ. ಮಳೆ, ಜಲಾಶಯ, ಬಸ್ ದರ, ಪರೀಕ್ಷಾ ಫಲಿತಾಂಶ ಸಾಕು.

ಮೊದಲ ಹಂತಕ್ಕೆ 15 ನಿಮಿಷ. ಪ್ರತಿ ಗುಂಪು ಆರು ಪದ ಮೀರದ ಒಂದು ತಲೆಬರಹ ಬರೆಯಬೇಕು. ಪೆನ್ನು ಒಬ್ಬರದು, ಇನ್ನೊಬ್ಬರು ಪದ ಎಣಿಸಲಿ, ಮತ್ತೊಬ್ಬರು ಬರೆದದ್ದಕ್ಕೆ ವರದಿಯಲ್ಲಿ ಆಧಾರವಿರುವ ಸಾಲಿಗೆ ಗೆರೆ ಎಳೆಯಲಿ. ಕೆಲಸ ಹಂಚದಿದ್ದರೆ ಚುರುಕಾದ ಒಬ್ಬರೇ ಬರೆದು ಮುಗಿಸುತ್ತಾರೆ.

ಎಂಟನ್ನೂ ಬೋರ್ಡ್ ಮೇಲೆ ಬರೆಸಿ, ಆಮೇಲೆ ಮೂರು ಪತ್ರಿಕೆಗಳ ತಲೆಬರಹ ಅಂಟಿಸಿ. ‘ಯಾವುದು ಸರಿ?’ ಎಂದು ಕೇಳಬೇಡಿ. ನಿಮ್ಮ ಮುಖ ನೋಡಿ ಉತ್ತರ ಬರುತ್ತದೆ. ಕರ್ತೃ ಯಾರು, ಕ್ರಿಯಾಪದ ಯಾವುದು, ಯಾವ ಅಂಕಿ ಬಂತು, ಯಾವುದು ಬಿಟ್ಟುಹೋಯಿತು ಎಂದು ಕೇಳಿ. ‘ಆರೋಪ’, ‘ಶಂಕೆ’ ಎಂಬ ಪದಗಳನ್ನೂ ಪ್ರಶ್ನಾರ್ಥಕ ಚಿಹ್ನೆಯನ್ನೂ ಸುತ್ತು ಹಾಕಿಸಿ: ಅದನ್ನು ತೆಗೆದರೆ ಅರ್ಥ ಎಷ್ಟು ಬದಲಾಗುತ್ತದೆ?

ಅಂಕಿ ಇರುವ ಸುದ್ದಿಗೆ ಕೆಆರ್‌ಎಸ್ ಒಳ್ಳೆಯ ಉದಾಹರಣೆ. ಅದರ ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ ಅಡಿ. ನೀರು 100 ಅಡಿ ತಲುಪಿದೆ ಎಂದಿಟ್ಟುಕೊಳ್ಳಿ. ‘ಕೆಆರ್‌ಎಸ್ ಶೇ 80 ಭರ್ತಿ’ ಎಂದು ಬರೆಯುವ ಗುಂಪು ಸಿಗಬಹುದು; ಅಡಿಯ ಲೆಕ್ಕದಲ್ಲಿ ಭಾಗಾಕಾರವೇನೋ ಸರಿ. ಆದರೆ ಜಲಾಶಯ ತಳದಲ್ಲಿ ಕಿರಿದು, ಮೇಲೇರಿದಂತೆ ಅಗಲ. 100 ಅಡಿಯಲ್ಲಿ ಇರುವ ನೀರು ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಆ ತಲೆಬರಹ ತಪ್ಪು. ‘ನೂರು ಅಡಿ ಮುಟ್ಟಿದ ಕೆಆರ್‌ಎಸ್’ ಸರಿ, ‘ಅರ್ಧವೂ ತುಂಬದ ಕೆಆರ್‌ಎಸ್’ ಕೂಡ ಸರಿ. ಒಂದನ್ನು ಓದಿದ ಮಂಡ್ಯದ ರೈತ ನಾಟಿಗೆ ಸಿದ್ಧನಾಗುತ್ತಾನೆ, ಇನ್ನೊಂದನ್ನು ಓದಿದವನು ಕಾಯುತ್ತಾನೆ. ಎರಡೂ ನಿಜ, ಆದರೂ ಪರಿಣಾಮ ಬೇರೆ ಎಂಬಲ್ಲಿ ಚರ್ಚೆ ನಿಲ್ಲಿಸದೆ ಬೆಳೆಸಿ. ಇಡೀ ಚಟುವಟಿಕೆಯ ಜೀವಾಳ ಇಲ್ಲಿದೆ. ಬೇರೆ ಹಂತ ಬಿಟ್ಟರೂ ಇದನ್ನು ಬಿಡಬೇಡಿ.

ಎರಡನೇ ಪೀರಿಯಡ್‌ನಲ್ಲಿ ಅದೇ ವರದಿಗೆ ಯೂಟ್ಯೂಬ್ ಥಂಬ್‌ನೇಲ್ ಮಾದರಿಯ, ಕ್ಲಿಕ್ ಮಾಡಿಸುವ ಸಾಲು ಬರೆಸಿ. ಸುಳ್ಳು ಹೇಳುವಂತಿಲ್ಲ, ಮರೆಮಾಚಬಹುದು. ಹಾಳೆಗಳನ್ನು ಪಕ್ಕದ ಗುಂಪಿಗೆ ದಾಟಿಸಿ, ಮುಚ್ಚಿಟ್ಟದ್ದು ಏನೆಂದು ಐದು ನಿಮಿಷದಲ್ಲಿ ಪತ್ತೆ ಮಾಡಲಿ. ಈ ಹಂತದಲ್ಲಿ ಮೊಬೈಲ್ ಬೇಡ, ಕೊನೆಗೆ ಹಾಳೆಗಳೆಲ್ಲ ನಿಮ್ಮ ಕೈ ಸೇರಲಿ. ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಹೋದರೆ ತಮಾಷೆಯ ಸಾಲೇ ಸುದ್ದಿಯಾಗಿ ಹರಿದಾಡುತ್ತದೆ.

ಇಷ್ಟಾದ ಮೇಲೆ ‘ಪತ್ರಿಕೆಗಳೆಲ್ಲ ಸುಳ್ಳೇ’ ಎನ್ನುವ ಮಕ್ಕಳು ಇರುತ್ತಾರೆ. ಕೆಟ್ಟ ತಲೆಬರಹಗಳನ್ನಷ್ಟೇ ತೋರಿಸಿದರೆ ಹಾಗಾಗುವುದು ಸಹಜ. ಅದಕ್ಕೆ ಮನೆಗೆಲಸ ಹೀಗಿರಲಿ: ವರದಿಗೆ ಪೂರ್ತಿ ನ್ಯಾಯ ಒದಗಿಸಿದ ಒಂದು ತಲೆಬರಹ, ಒದಗಿಸದ ಒಂದು, ಎರಡನ್ನೂ ವರದಿ ಸಮೇತ ಅಂಟಿಸಿ, ಕಾರಣವನ್ನು ಎರಡೆರಡು ವಾಕ್ಯದಲ್ಲಿ ಬರೆದು ತರಬೇಕು.